ಮತ್ತೆ ಮದುಮಗಳನ್ನಾಗಿ ಮಾಡಿದ ಬೀಗತಿ

ನಿನ್ನೆ ಮುಂಜಾನೆ ನನ್ನ ಮದುವೆಯಾಯಿತು. ಗಾಬರಿಯಾಗಬೇಡಿರಿ, ವರ ಹಳಬರೇ. ನಮ್ಮ ಮನೆಯವರಿಗೆ ಅರವತ್ತು ತುಂಬಿತು. ಮಗಳು ಅಳಿಯ ಸೇರಿ ಇಲ್ಲೇ ಪುಣೆಯ ಚಿಂಚವಾಡದಲ್ಲಿ ಒಂದು ಸಣ್ಣ ಮಂಗಲ ಕಾರ್ಯಾಲಯ ಹಿಡಿದು ಅರವತ್ತರ ಶಾಂತಿ ಮಾಡಿಸಿದರು. ಹೋಮವಾಯಿತು, ಕಲಶದ ನೀರು ಇಬ್ಬರ ತಲೆಯ ಮೇಲೆ ಸುರಿದರು, ಹೊಸ ಸೀರೆ ಉಡಿಸಿದರು, ಬಾಸಿಂಗ ಕಟ್ಟಿದರು, ನಡುವೆ ಅಂತರಪಟ ಹಿಡಿದರು. ಪಟ ಸರಿದಾಗ ಅವರು ನನ್ನ ಮುಖ ನೋಡಿ ನಕ್ಕುಬಿಟ್ಟರು. ಮೊದಲನೇ ಮದುವೆಯಲ್ಲಿ ಪಾಪ, ಹೆದರಿ ನೆಲ ನೋಡುತ್ತ ನಿಂತಿದ್ದರು. ಐದು ವರ್ಷದ ಮೊಮ್ಮಗಳು ಅಕ್ಷತೆ ಒಗೆದು ಒಗೆದು ಅಜ್ಜನ ಕನ್ನಡಕದ ಒಳಗೂ ತುಂಬಿದಳು. ಈ ವಯಸ್ಸಿನಲ್ಲಿ ಇಷ್ಟು ಸಂತೋಷ ಒಂದೇ ಸಲ ಬಂದರೆ ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯುವುದಿಲ್ಲ. ಅದಕ್ಕೇ ಬರೆಯಲಿಕ್ಕೆ ಕೂತಿದ್ದೇನೆ.

ಆದರೆ ಬರೆಯಬೇಕಾದದ್ದು ನನ್ನ ಸುದ್ದಿಯಲ್ಲ, ಮೊದಲನೇ ಸಾಲಿನ ಕುರ್ಚಿಯಲ್ಲಿ ಬಲಗಿವಿಯನ್ನು ಮಂಟಪದ ಕಡೆ ತಿರುಗಿಸಿಕೊಂಡು ಕೂತಿದ್ದವರ ಸುದ್ದಿ. ಅವರು ನನ್ನ ಮಗಳ ಅತ್ತೆ, ನನ್ನ ಬೀಗತಿ. ಅವರ ಎಡಗಿವಿಯ ಮೇಲೆ ಒಂದು ಬೆರಳಿನಷ್ಟು ಅಗಲ ಕೂದಲೇ ಇಲ್ಲ. ಬೆಳಗಾವಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಕಿವಿಗೆ ಕವಚುವ ಆ ಪಟ್ಟಿ ವರ್ಷಾನುಗಟ್ಟಲೆ ತಿಕ್ಕಿ ತಿಕ್ಕಿ ಅಲ್ಲಿಯ ಕೂದಲು ಹೋಗಿ, ಚರ್ಮ ಬೆಳಗಿದ ಹಿತ್ತಾಳೆಯ ಹಾಗೆ ಹೊಳೆಯುತ್ತದೆ. ಆ ಕಿವಿ ಈಗ ಕೇಳುವುದೂ ಕಡಿಮೆ. ಎದುರಿಗಿನವರಿಗೂ ಕೇಳುವುದಿಲ್ಲ ಅಂತಲೇ ತಿಳಿದು ಮಾತಾಡುತ್ತಾರೆ. ಪುಣೆಯ ಇನ್ನೊಂದು ತುದಿಗಿರುವ ಖರಾಡಿಯ ಅವರ ಮನೆ ನಾಲ್ಕನೇ ಮಜಲಿನಲ್ಲಿದೆ. ಅವರು ಅಡುಗೆಮನೆಯಲ್ಲಿ ಕೆಮ್ಮಿದರೆ ಗೇಟಿನ ವಾಚಮನ್ ತಲೆ ಎತ್ತುತ್ತಾನೆ.

ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಪುಣೆಗೆ ಬಂದವರು. ಸೀರೆಯ ಕೆಳಗೆ ಮಗನ ಹಳೆಯ ಬೂಟು ಹಾಕಿಕೊಂಡು, ಖರಾಡಿಯ ಆ ಗಾಜಿನ ಕಟ್ಟಡಗಳ ನಡುವೆ ದಿನಾ ಮುಂಜಾನೆ ನಡೆಯುತ್ತಾರೆ. ರಸ್ತೆ ದಾಟುವಾಗ ಕೈ ಎತ್ತಿದರೆ ಕಂಪನಿಯ ಬಸ್ಸೂ ನಿಲ್ಲಬೇಕು. ಹಸಿ ಮೆಣಸಿನಕಾಯಿ ಇಲ್ಲದೆ ಶಿರಾ ಕೂಡ ತಿನ್ನುವುದಿಲ್ಲ. ಮಾತಾಡುತ್ತಾ ಕೂತಾಗ ಒಲೆಯ ಮೇಲಿನ ಹಾಲು ನೋಡಲಿಕ್ಕೆ ಎದ್ದರೆ “ಲೈನ್ ಮ್ಯಾಲೆ ಇರ್ರಿ” ಅಂತ ಹೇಳಿ ಹೋಗುತ್ತಾರೆ. ಅವರು ತಿರುಗಿ ಬರುವ ತನಕ ನಾವು ಬಾಯಿ ಮುಚ್ಚಿಕೊಂಡು ಲೈನ್ ಮೇಲೆ ಇರಬೇಕು. ಸೊಸೈಟಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂತು ಯಾರದಾದರೂ ಮನೆಯ ಮಾತು ತೆಗೆದರೆ ಎದ್ದುಬಿಡುತ್ತಾರೆ. “ಊರ ಮಂದಿ ಮಾತು ಪಗಾರ ತಗೊಂಡು ಕೇಳಿದಾಕಿ ನಾನು, ಈಗ ಪುಕಟ ಯಾಕ ಕೇಳಲಿ” ಅನ್ನುತ್ತಾರೆ. ಬೆಳಗಾವಿಯ ಎಷ್ಟು ಮನೆಗಳ ಗುಟ್ಟು ಆ ಎಡಗಿವಿಯಲ್ಲಿ ಹೋಗಿದೆಯೋ. ಒಂದೂ ಬಾಯಿಂದ ಹೊರಗೆ ಬಂದದ್ದನ್ನು ನಾನು ಕೇಳಿಲ್ಲ.

ನನಗೆ ಅವರೆಂದರೆ ಹೆದರಿಕೆ ಇತ್ತು. ನಾವು ಹೆಣ್ಣು ಕೊಟ್ಟವರು. ನಮ್ಮ ಧಾರವಾಡದ ಕಡೆ ಗಂಡಿನ ತಾಯಿಯ ಮುಂದೆ ಹೆಣ್ಣಿನ ತಾಯಿ ತಗ್ಗಿ ನಡೆಯುವುದು ರೂಢಿ. ಅದರ ಮೇಲೆ ಅವರು ನೌಕರಿ ಮಾಡಿದವರು, ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಅವರ ಮನೆಗೆ ಹೋದರೆ ಸೋಫಾದ ತುದಿಯಲ್ಲಿ ಕೂಡುತ್ತಿದ್ದೆ. ಕೇಳಿದ್ದಕ್ಕೆ “ಹೌದ್ರಿ, ಇಲ್ರಿ” ಅಷ್ಟೇ.

ಇನ್ನು ನನ್ನ ಕಷ್ಟ ಹೇಳಬೇಕು. ಬರೆಯಲಿಕ್ಕೆ ಮೊದಲಿನಷ್ಟು ನಾಚಿಕೆ ಈಗಿಲ್ಲ. ಮುಟ್ಟು ನಿಂತು ಕೆಲವು ವರ್ಷ ಆಗಿತ್ತು. ಮೂತ್ರಕ್ಕೆ ಹೋದರೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ. ಹೋಗಿ ಬಂದು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಹೋಗಬೇಕು, ಹೋದರೆ ನಾಲ್ಕು ಹನಿ. ಕೊತ್ತಂಬರಿ ಬೀಜದ ನೀರು ಕುಡಿದೆ, ಬಾರ್ಲಿ ಗಂಜಿ ಕುಡಿದೆ. ಓಣಿಯ ಡಾಕ್ಟರು ಗುಳಿಗೆ ಕೊಟ್ಟರೆ ಎಂಟು ದಿನ ತಣ್ಣಗಿರುತ್ತಿತ್ತು, ಮತ್ತೆ ಅದೇ ಹಾಡು. ಅಲ್ಲೆಲ್ಲ ಒಣಗಿಹೋಗಿತ್ತು. ಗಂಡನ ಹತ್ತಿರ ಹೋದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ ಆಗುತ್ತಿತ್ತು, ಮರುದಿನ ಮೂತ್ರದ ಉರಿ ಇಮ್ಮಡಿ. ಒಂದು ಸಲ ಬೇಡ ಅಂದೆ. ಇನ್ನೊಂದು ಸಲ ಬೇಡ ಅಂದೆ. ಯಾಕೆ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಒಂದು ದಿನ ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದರು. “ನಿನಗ ನಿದ್ದಿ ಆಗಲಿ” ಅಂದರು.

ಅವರು ಪಿಂಪ್ರಿಯಲ್ಲಿ ಗಾಡಿಗಳ ಸಾಮಾನು ಮಾಡುವ ಕಾರ್ಖಾನೆಯಲ್ಲಿದ್ದರು. ಮಾತು ಕಡಿಮೆ, ಆದರೆ ಒಂದು ಮಾತು ಆಡಿದರೆ ನಾನು ಅರ್ಧ ದಿನ ನಗಬೇಕು. ಮೊದಲು ಕೆಲಸಗಾರರ ಚಾಳಿನ ಒಂದೇ ಕೋಣೆಯಲ್ಲಿದ್ದೆವು. ಮುಂಜಾನೆಯ ಪಾಳಿಯ ಭೋಂಗಾ ಕೂಗಿದಾಗ ಒಂದೇ ಚಾದರದೊಳಗಿಂದ ಇಬ್ಬರೂ ಬೈದುಕೊಳ್ಳುತ್ತಾ ಏಳುತ್ತಿದ್ದೆವು. ಆ ಚಾದರ ಎರಡಾದ ಮೇಲೆ ಮನೆ ಖಾನಾವಳಿಯ ಹಾಗಾಯಿತು. ಚಹಾ ಆತೇನು, ಊಟ ಆತೇನು, ಅಷ್ಟೇ ಮಾತು.

ಅಂಥಾದ್ದರಲ್ಲಿ ಮಗಳು ಶಾಂತಿಯ ಮಾತು ತೆಗೆದಳು. ಬರುವ ಮಾಘದಲ್ಲಿ ಅಪ್ಪನಿಗೆ ಅರವತ್ತು, ನಿಮ್ಮಿಬ್ಬರ ಮದುವೆ ಮಾಡುತ್ತೇವೆ ಅಂದಳು. ನಾನು ಒಮ್ಮೆಲೇ ಬೇಡ ಅಂದೆ. ಹೋಮದ ಮುಂದೆ ಅಷ್ಟು ಹೊತ್ತು ಕೂಡಬೇಕು, ಕಾಲು ಗಂಟೆಗೊಮ್ಮೆ ಏಳುವವಳು ನಾನು ಹೇಗೆ ಕೂಡಲಿ. ಅದು ಹೇಳಬಹುದಾದ ಕಾರಣ, ಅದನ್ನೂ ಹೇಳಲಿಲ್ಲ. ಹೇಳಲಾರದ್ದು ಇನ್ನೊಂದಿತ್ತು. ಬೇರೆ ಬೇರೆ ಹಾಸಿಗೆಯಲ್ಲಿ ಮಲಗುವ ನಾವು ಅಗ್ನಿಯ ಮುಂದೆ ಕೂತು ಮತ್ತೆ ಗಂಡಹೆಂಡತಿ ಆಗುತ್ತೇವೆ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು. ನಾನು ಬೇಡ ಅಂದಾಗ ಅವರು ಪೇಪರು ಓದುತ್ತಿದ್ದರು. ಪುಟ ತಿರುವಲಿಲ್ಲ. ಭಾಳ ಹೊತ್ತು ಅದೇ ಪುಟ ಹಿಡಿದು ಕೂತಿದ್ದರು.

ಆ ಬೇಸಿಗೆಯಲ್ಲಿ ಮೊಮ್ಮಗಳಿಗೆ ಸಾಲಿ ರಜೆ. ಮಗಳು ಆಫೀಸಿಗೆ ಹೋದಾಗ ಬೀಗತಿ ಒಬ್ಬರಿಗೇ ಹುಡುಗಿಯನ್ನು ಹಿಡಿಯುವುದು ಆಗುವುದಿಲ್ಲ ಅಂತ ನಾನು ಚಿಂಚವಾಡದಿಂದ ಖರಾಡಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸು ಊರೆಲ್ಲ ದಾಟಿ ಹೋಗಬೇಕು, ನಡುವೆ ಎಲ್ಲಿ ಇಳಿದು ಎಲ್ಲಿ ಹುಡುಕಲಿ. ಎದ್ದಾಗಿನಿಂದ ಗುಟುಕು ನೀರು ಕುಡಿಯುತ್ತಿರಲಿಲ್ಲ. ಅವರ ಮನೆಯಲ್ಲೂ ಕುಡಿಯುತ್ತಿರಲಿಲ್ಲ, ಸಂಜೆ ತಿರುಗಿ ಬಸ್ಸು ಹತ್ತಬೇಕಲ್ಲ. ಬೀಗತಿ ಚಹಾ ತಂದರೆ ಆಗಿದೆ ಅನ್ನುತ್ತಿದ್ದೆ, ಮಜ್ಜಿಗೆ ತಂದರೆ ಶೀತ ಆಗುತ್ತದೆ ಅನ್ನುತ್ತಿದ್ದೆ, ತಂಬಿಗೆಯಲ್ಲಿ ನೀರು ತಂದಿಟ್ಟರೆ ಮೊಮ್ಮಗಳಿಗೆ ಕುಡಿಸಿಬಿಡುತ್ತಿದ್ದೆ.

ಇದರಿಂದ ದೊಡ್ಡ ಅನಾಹುತವೇ ಆಗುತ್ತಿತ್ತು. ನಮ್ಮ ಕಡೆ ಹಿಂದಿನವರದು ಒಂದು ಪದ್ಧತಿ ಇತ್ತು. ಮಗಳಿಗೆ ಮಗು ಆಗುವ ತನಕ ತಾಯಿತಂದೆ ಅವಳ ಗಂಡನ ಮನೆಯ ನೀರೂ ಮುಟ್ಟಬಾರದು. ಈಗ ಅದನ್ನೆಲ್ಲ ಯಾರು ಮಾಡುತ್ತಾರೆ. ಆದರೆ ಬೀಗತಿ ಹಾಗೇ ತಿಳಿದುಕೊಂಡರು. ಮೊಮ್ಮಗಳು ಸಾಲಿಗೆ ಹೋಗುವಷ್ಟು ದೊಡ್ಡವಳಾದರೂ ಈಕೆ ನಮ್ಮ ಮನೆಯ ನೀರು ಮುಟ್ಟುವುದಿಲ್ಲ, ನಮ್ಮನ್ನು ಏನಂತ ತಿಳಿದಿದ್ದಾಳೆ, ಅಂತ ಒಳಗೊಳಗೇ ಕುದಿಯುತ್ತಿದ್ದರಂತೆ. ಒಂದು ಮಧ್ಯಾಹ್ನ ಹುಡುಗಿ ಮಲಗಿದ ಮೇಲೆ ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ದನಿ ಯಾವತ್ತಿನಂತೆ ದೊಡ್ಡದಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

“ಬೀಗತೇರ, ಒಂದು ಮಾತು ಕೇಳತೇನಿ. ನಮ್ಮ ಮನಿ ನೀರು ನಿಮಗ ನಡಿಯಂಗಿಲ್ಲೇನ್ರಿ?”

ನನಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಸೋಫಾದಿಂದ ಎದ್ದು ನಿಂತೆ. ನನ್ನ ಮಗಳು ಬಾಳುವ ಮನೆ ಅದು. ಹಾಗಲ್ಲ ಹಾಗಲ್ಲ ಅಂತ ಕೈ ಆಡಿಸಿದೆ. ಹಾಗಿದ್ದರೆ ಎಂಥ ಪದ್ಧತಿ ನಿಮ್ಮದು, ಹೇಳಿರಿ ನೋಡೋಣ ಅಂದರು. ಕಣ್ಣಲ್ಲಿ ನೀರು ಬಂತು, ನಗುವೂ ಬಂತು.

“ಪದ್ಧತಿ ಅಲ್ರಿ, ಉರಿ” ಅಂದೆ.

ಅವರು ಕುರ್ಚಿ ತಿರುಗಿಸಿ ಬಲಗಿವಿ ನನ್ನ ಕಡೆ ಮಾಡಿಕೊಂಡರು. ಅಮ್ಮನಿಗೂ ಹೇಳಿರದ, ಹೊಟ್ಟೆಯ ಮಗಳಿಗೂ ಹೇಳಿರದ ಮಾತನ್ನೆಲ್ಲ ಆ ಕಿವಿಗೆ ಹಾಕಿದೆ. ನಡುವೆ ಏನೂ ಕೇಳಲಿಲ್ಲ, “ಹೂಂ, ಹೂಂ” ಅಂತ ಅಷ್ಟೇ. ನಾನು ಮುಗಿಸಿ ಮೂಗು ಒರೆಸಿಕೊಂಡ ಮೇಲೆ, ಹಾಲಿನ ರೇಟು ಕೇಳುವ ಹಾಗೆ ಕೇಳಿದರು: “ಬೀಗರ ಜೋಡಿ ಮಲಗತೀರೋ ಇಲ್ಲೋ?”

ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಆಗ ಅವರು ಒಂದು ಮಾತು ಹೇಳಿದರು. ಅವರಿಗೂ ಇದೇ ಆಗಿತ್ತಂತೆ. ದಿನವಿಡೀ ಮಂದಿಯ ಮಾತು ಜೋಡಿಸಿ ಕೊಡುತ್ತಿದ್ದವರು ತಮ್ಮ ಮಾತನ್ನು ಯಾರಿಗೂ ಹೇಳಲಿಲ್ಲವಂತೆ. ವಯಸ್ಸಾಯಿತು, ಇನ್ನೇನು ಅಂತ ಸುಮ್ಮನಾದರಂತೆ. ಗಂಡ ಹೋದ ಮೇಲೆ ಡಾಕ್ಟರ ಹತ್ತಿರ ಬೇರೆ ಕೆಲಸಕ್ಕೆ ಹೋದಾಗ ತಿಳಿಯಿತಂತೆ, ಇದಕ್ಕೆ ಔಷಧ ಇದೆ ಅಂತ.

“ನನ್ನ ಹಾಸಿಗಿ ಖಾಲಿ ಆಗೇದರಿ,” ಅಂದರು. “ನಿಮ್ಮದು ಆಗಿಲ್ಲ. ಸುಮ್ಮನ ಖಾಲಿ ಇಟ್ಟೀರಿ.”

ಮರುದಿನವೇ ಖರಾಡಿಯ ತಮ್ಮ ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದರು. ಸಂಜೆ ಆಫೀಸಿನಿಂದ ಬಂದ ಮಗಳ ಹತ್ತಿರ ಹುಡುಗಿಯನ್ನು ಬಿಟ್ಟು, ತರಕಾರಿ ತರುತ್ತೇವೆ ಅಂತ ಹೇಳಿದೆವು. ಆಕೆ ಮರಾಠಿಯವರು, ಭಾಳ ಸಮಾಧಾನದ ಹೆಣ್ಣುಮಗಳು. ಮೊದಲು ಮೂತ್ರ ತಪಾಸಣೆ ಮಾಡಿಸಿ, ಸೋಂಕು ಏನೂ ಇಲ್ಲ ಅಂದರು. ಮುಟ್ಟು ನಿಂತ ಮೇಲೆ ಯಾವಾಗಾದರೂ ರಕ್ತ ಹೋಗಿದೆಯೇ, ಎದೆಯಲ್ಲಿ ಗಂಟು ಗಿಂಟು ಆಗಿತ್ತೇ ಅಂತೆಲ್ಲ ಕೇಳಿದರು. ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಮುಟ್ಟು ನಿಂತ ಮೇಲೆ ಮೈಯಲ್ಲಿ ಈಸ್ಟ್ರೋಜನ್ ಕಡಿಮೆಯಾಗುತ್ತದೆ, ಅದರಿಂದ ಯೋನಿಯ ಚರ್ಮ ತೆಳುವಾಗಿ ಒಣಗುತ್ತದೆ, ಪಕ್ಕದಲ್ಲೇ ಇರುವ ಮೂತ್ರದ ದಾರಿಯೂ ಹಾಗೇ ಆಗುತ್ತದೆ, ಉರಿ ಅದರದ್ದು. ಆಕೆ ಯೋನಿ ಅನ್ನುವ ಮಾತನ್ನು ನಾವು ಮೊಣಕಾಲು ಅಂದ ಹಾಗೆ ಅಂದರು. ಅಲ್ಲಿಂದ ಮುಂದೆ ನನಗೂ ಧೈರ್ಯ ಬಂತು. ಅದೇ ಈಸ್ಟ್ರೋಜನ್ನಿನ ಮುಲಾಮು ಬರೆದುಕೊಟ್ಟರು. ರಾತ್ರಿ ಮಲಗುವಾಗ ಸ್ವಲ್ಪೇ ಸ್ವಲ್ಪ ಒಳಗೆ ಹಾಕಿಕೊಳ್ಳಬೇಕು. ಮೊದಲ ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ, ಬಿಡದೆ. ಗುಣ ಕಾಣಲಿಕ್ಕೆ ಕೆಲವು ವಾರ ಬೇಕು, ಅವಸರ ಮಾಡಬೇಡಿ ಅಂದರು. ನಡುವೆ ರಕ್ತ ಕಂಡರೆ ಮಾತ್ರ ಕೂಡಲೇ ಬರಬೇಕು ಅಂದರು.

ನನಗೆ ಕೇಳುವುದು ಒಂದು ಉಳಿದಿತ್ತು. ಸೀರೆಯ ಅಂಚು ಹಿಂಡುತ್ತಾ ಕೂತೆ. ಬೀಗತಿ ನನ್ನ ಕಡೆ ನೋಡಿದರು, ಆಮೇಲೆ ತಮ್ಮ ದೊಡ್ಡ ದನಿಯಲ್ಲಿ, ಮರಾಠಿಯಲ್ಲಿ, ಈ ಔಷಧ ಹಾಕಿಕೊಳ್ಳುತ್ತಾ ಇವರು ಗಂಡನ ಜೊತೆ ಇರಬಹುದೋ ಇಲ್ಲವೋ ಅಂತ ಕೇಳಿದರು. ಹೊರಗೆ ಕೂತಿದ್ದವರೆಲ್ಲ ಕೇಳಿಸಿಕೊಂಡಿರಬೇಕು. ಆಮೇಲೆ ನಾವು ಹೊರಗೆ ಬಂದಾಗ ತುಂಬು ಬಸುರಿ ಒಬ್ಬಳು ಎದ್ದು ನನಗೆ ಜಾಗ ಕೊಟ್ಟಳು.

ಡಾಕ್ಟರಬಾಯಿ ನಗಲಿಲ್ಲ. ಇರಬಹುದು, ಅವಶ್ಯ ಇರಬಹುದು ಅಂದರು. ನೋವು ಕಡಿಮೆಯಾಗುವ ತನಕ ನಿಧಾನ ಇರಲಿ, ಬೇಕಾದರೆ ಜಾರುವ ಜೆಲ್ ಬೇರೆ ಸಿಗುತ್ತದೆ ಅಂದರು. ಈ ಮುಲಾಮನ್ನು ಮಾತ್ರ ಅದರ ಬದಲು ಬಳಸಬೇಡಿ, ಗಂಡನ ಹತ್ತಿರ ಹೋಗುವ ಮುಂಚೆ ಹಾಕಿಕೊಂಡರೆ ಔಷಧ ಅವರ ಮೈಗೆ ಹೋಗುತ್ತದೆ, ನಿಮಗೆ ಏನು ಉಳಿಯಿತು, ಹಾಗಾಗಿ ಅವತ್ತು ಆಮೇಲೆ ಹಾಕಿಕೊಳ್ಳಿ ಇಲ್ಲಾ ಮರುದಿನ ಹಾಕಿಕೊಳ್ಳಿ, ಅಷ್ಟೇ. ಬೀಗತಿ ನನ್ನ ಕಡೆ ತಿರುಗಿ ಎಲ್ಲವನ್ನೂ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ಮರಾಠಿ ನನಗೆ ಬರುತ್ತದೆ. ಆದರೂ ಹೇಳಿದರು.

ತಿರುಗಿ ಬರುವಾಗ ರಿಕ್ಷಾದಲ್ಲಿ ಬೀಗರಿಗೆ ಹೇಳಿರಿ ಅಂದರು. ನೀವೇ ಯಾರ ಕಡೆಯಿಂದಾದರೂ ಹೇಳಿಸಿರಿ ಅಂದೆ. “ಹಂಗ ಆಗಂಗಿಲ್ಲ,” ಅಂದರು. “ಭಾಳ ಮಂದೀದು ಜೋಡಿಸಿಕೊಟ್ಟೇನಿ. ಈ ಒಂದು ಫೋನು ನೀವೇ ಹಚ್ಚಬೇಕು.” ನಾನು ಹಚ್ಚಲಿಲ್ಲ. ಮೊದಲು ಗುಣ ಆಗಲಿ, ಆಮೇಲೆ ಹೇಳೋಣ ಅಂದುಕೊಂಡೆ.

ಮುಲಾಮು ಶುರು ಮಾಡಿದೆ. ಮುಂಗಾರು ಹಿಡಿಯುವ ಹೊತ್ತಿಗೆ ಉರಿ ಕಡಿಮೆಯಾದ ಹಾಗೆ ಅನ್ನಿಸಿತು. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುವಷ್ಟು ಸಮಾಧಾನ ಬಂತು. ಅಷ್ಟರಲ್ಲಿ ಶ್ರಾವಣ ಬಂತು.

ನಮ್ಮ ಮನೆಯ ಶ್ರಾವಣ ಗೊತ್ತಿದ್ದವರಿಗೇ ಗೊತ್ತು. ಸೋಮವಾರ ಶಿವನದು, ಮಂಗಳವಾರ ಗೌರಿಯದು, ಬುಧವಾರ ಗುರುವಾರ ಬುಧ-ಬೃಹಸ್ಪತಿಯದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಮಾರುತಿಯದು, ರವಿವಾರ ಸೂರ್ಯನದು. ದಿನಕ್ಕೊಂದು ಕಥೆ, ದಿನಕ್ಕೊಂದು ನೈವೇದ್ಯ. ಆ ಜಾಗಕ್ಕೆ ಕೈ ಹಚ್ಚಿದ ಮೇಲೆ ಆ ಮೈಯಿಂದ ದೇವರ ಮುಂದೆ ಹೇಗೆ ಕೂಡಲಿ ಅಂತ ಒಂದು ಸೋಮವಾರ ಮುಲಾಮು ಬಿಟ್ಟೆ. ಗುರುವಾರಕ್ಕೆ ತಳ್ಳಿದೆ, ಅದೂ ಆಗಲಿಲ್ಲ. ನೋಡಿದರೆ ವಾರದಲ್ಲಿ ನನ್ನದು ಅನ್ನುವ ದಿನವೇ ಉಳಿದಿಲ್ಲ. ಶ್ರಾವಣ ಮುಗಿದರೆ ಗಣಪತಿ, ಗಣಪತಿ ಹೋದರೆ ಪಿತೃಪಕ್ಷ, ಅದು ಮುಗಿದರೆ ನವರಾತ್ರಿ. ಮುಲಾಮು ಕಪಾಟಿನಲ್ಲಿ ಸೀರೆಗಳ ಹಿಂದೆ ಮಲಗಿತು. ಉರಿ ಎದ್ದು ಕೂತಿತು.

ನವರಾತ್ರಿಯ ಒಂದು ದಿನ ಬೀಗತಿ ಅರಿಶಿನ ಕುಂಕುಮಕ್ಕೆ ಸೊಸೆ, ಮೊಮ್ಮಗಳ ಜೊತೆ ನಮ್ಮ ಮನೆಗೆ ಬಂದರು. ನಾನು ಎರಡೆರಡು ಸಲ ಬಚ್ಚಲಿಗೆ ಹೋದದ್ದನ್ನು ನೋಡಿ ಅಡುಗೆಮನೆಗೆ ಹಿಂದೆ ಬಂದರು. ನಿಮ್ಮ ಔಷಧ ಸೋತಿತು, ನನ್ನ ಹಣೆಬರಹಕ್ಕೆ ಅದೇನು ಮಾಡೀತು ಅಂತ ಹೇಳಿದೆ. ಶಾಂತಿ ಗೀಂತಿ ಏನೂ ಬೇಡ, ಮಗಳಿಗೆ ನೀವೇ ತಿಳಿಸಿ ಹೇಳಿರಿ ಅಂತ ಕಣ್ಣೀರು ಹಾಕಿದೆ. ಡಾಕ್ಟರು ಹೇಳಿದ ಹಾಗೆ ಹಾಕಿಕೊಳ್ಳುತ್ತಿದ್ದೀರೋ ಅಂತ ಕೇಳಿದರು. ವ್ರತದ ದಿನ ಹೇಗೆ ಹಾಕಿಕೊಳ್ಳಲಿ ಅಂದೆ. ಎಷ್ಟು ದಿನ ಬಿಟ್ಟಿರಿ ಅಂದರು. ಶ್ರಾವಣದಿಂದ ಅಂದೆ.

ಅವರು ಒಲೆ ಆರಿಸಿದರು. ಮಡಿಯಲ್ಲಿ ನಿಂತವಳನ್ನು ಮುಟ್ಟದೆ, ಬಾಗಿಲಿಗೆ ಆತುಕೊಂಡು ವಿಚಾರಣೆ ಶುರು ಮಾಡಿದರು.

“ಏಕಾದಶಿ ದಿನ ಬಿಪಿ ಗುಳಿಗಿ ನುಂಗತೀರೋ ಇಲ್ಲೋ?”

“ನುಂಗತೇನ್ರಿ.”

“ಕಣ್ಣಿಗೆ ಹನಿ?”

“ಹಾಕ್ಕೋತೇನ್ರಿ.”

“ಹಂಗಾರ ದೇವರಿಗೆ ಕಣ್ಣು ನಡೀತದ, ಅದು ನಡಿಯಂಗಿಲ್ಲ. ಎರಡೂ ಮಾಡಿದಾಂವ ಅವನ ಹೌದಲ್ಲೋ? ಮಾಡೋವಾಗ ಅವಗ ಮೈಲಿಗಿ ಆಗಲಿಲ್ಲೇನು?”

ರಾತ್ರಿ ದೇವರ ದೀಪ ಶಾಂತವಾದ ಮೇಲೆ ಹಾಕಿಕೊಳ್ಳಿರಿ, ಮುಂಜಾನೆ ಎದ್ದು ಹೇಗೂ ಸ್ನಾನ ಮಾಡುತ್ತೀರಿ, ಇದರಲ್ಲಿ ಯಾವ ದೇವರ ಗಂಟು ಹೋಯಿತು ಅಂದರು. ಆಮೇಲೆ ಸ್ವಲ್ಪ ದನಿ ಇಳಿಸಿ, ನಾನು ಉಪವಾಸ ಮಾಡಿ ಮಾಡಿ ನನ್ನವರ ಆಯುಷ್ಯ ಬೇಡಿದೆ, ಇದ್ದಷ್ಟು ದಿನ ಅವರ ಜೊತೆ ಚೆನ್ನಾಗಿರುವುದನ್ನು ಬೇಡಲು ಮರೆತೆ ಅಂದರು. ಹೊರಗೆ ಹೋಗಿ ಮೊಮ್ಮಗಳ ಕೈ ಹಿಡಿದು, ನವರಾತ್ರಿಯ ಹಾಡು ಹೇಳುತ್ತಾ ಸುತ್ತು ತಿರುಗುವ ಭೋಂಡ್ಲಾ ಆಡಿದರು. ಅವತ್ತು ರಾತ್ರಿ ದೇವಿಗೆ ಕೈ ಮುಗಿದು ಕಪಾಟು ತೆಗೆದೆ. ಎರಡು ದಿನ ಬಿಟ್ಟು ಇಬ್ಬರೂ ಮತ್ತೆ ಡಾಕ್ಟರಬಾಯಿಯ ಹತ್ತಿರ ಹೋದೆವು. ಮೊದಲಿನ ಹಾಗೆ ಎರಡು ವಾರ ದಿನಾ ಹಾಕಿಕೊಂಡು ಮುಂದುವರಿಸಿ ಅಂದರು. ವ್ರತದ ಕಥೆ ಕೇಳಿ ಅವರು ನಕ್ಕರು, ಅವರ ಮನೆಯಲ್ಲೂ ಇಂಥ ವ್ರತ ಮಾಡುವ ಅತ್ತೆ ಇದ್ದಾರಂತೆ.

ಈ ಸಲ ನಾನು ಫೋನೂ ಹಚ್ಚಿದೆ. ದೀಪಾವಳಿಯ ಮುಂದೆ ನಾನೂ ನಮ್ಮ ಮನೆಯವರೂ ತಳೇಗಾಂವದ ಅವರ ಗೆಳೆಯರ ಮನೆಗೆ ಲೋಕಲ್‌ನಲ್ಲಿ ಹೊರಟಿದ್ದೆವು. ಮನೆಯಲ್ಲಿ ಹೇಳಲಿಕ್ಕೆ ಬಾಯಿ ಬರುತ್ತಿರಲಿಲ್ಲ, ಮನೆ ಭಾಳ ಸದ್ದಿಲ್ಲದ್ದು. ರೈಲಿನ ಗದ್ದಲದಲ್ಲಿ ಧೈರ್ಯ ಬಂತು. ಕಿಟಕಿಯ ಕಡೆ ಮುಖ ಮಾಡಿ ಎಲ್ಲ ಹೇಳಿದೆ. ಒಣಗಿದ್ದು, ಉರಿದದ್ದು, ಬೇಡ ಅಂದದ್ದು ಅವರನ್ನಲ್ಲ, ನೋವನ್ನು ಅಂತ. ಬೀಗತಿ, ಡಾಕ್ಟರಬಾಯಿ, ಮುಲಾಮು. ಒಂದು ನಿಲ್ದಾಣ ಹೋಯಿತು, ಇನ್ನೊಂದು ಹೋಯಿತು. ಆಮೇಲೆ ಅವರು ನನ್ನ ಕೈಚೀಲ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ನಿನಗ ನಾ ಬ್ಯಾಡಾದೆ ಅಂತ ತಿಳಕೊಂಡಿದ್ದೆ” ಅಂದರು.

ಅಷ್ಟು ವರ್ಷ ಆ ಮನುಷ್ಯ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ನನಗೆ ಚಹಾ ಆತೇನು ಅಂತ ಕೇಳುತ್ತಿದ್ದರು. ತಳೇಗಾಂವ ಬಂದಾಗ ಇಳಿಯುವುದನ್ನೇ ಮರೆತಿದ್ದೆವು. ಎದುರಿಗೆ ಕೂತಿದ್ದ ಕಾಯಿಪಲ್ಲೆ ಮಾರುವ ಹೆಣ್ಣುಮಗಳು ಕೂಗಿ ಇಳಿಸಿದಳು.

ಅವರು ಅವತ್ತೇ ಹಾಸಿಗೆ ಒಳಗೆ ತಂದರು. ಅವಸರ ಇಲ್ಲ, ಬರೀ ಮಗ್ಗುಲಿಗೆ ಮಲಗುತ್ತೇನೆ ಅಂದರು. ಹಾಗೇ ಮಲಗಿದರು. ವಾರಗಳು ಕಳೆದ ಹಾಗೆ ಉರಿ ಇಳಿಯಿತು, ಮೈ ತನ್ನ ತೇವ ತಾನು ನೆನಪು ಮಾಡಿಕೊಂಡಿತು. ಒಂದು ದಿನ ನಾನೇ ಅವರ ಕೈ ಹಿಡಿದೆ. ನೋವಾಗಲಿಲ್ಲ. ನೋವಾಗಲಿಲ್ಲ ಅಂತ ನಾನು ಅತ್ತದ್ದಕ್ಕೆ ಅವರು ಹೆದರಿಬಿಟ್ಟರು, ನೀರು ತರಲಿಕ್ಕೆ ಓಡಿದರು. ಇಷ್ಟು ಬರೆದರೆ ಸಾಕು. ಈಗ ಆ ಮುಲಾಮಿನ ವಿಷಯದಲ್ಲಿ ನನಗಿಂತ ಅವರೇ ಕಟ್ಟುನಿಟ್ಟು. ಕಾರ್ಖಾನೆಯಲ್ಲಿ ಮಿಶಿನ್ನಿಗೆ ಎಣ್ಣೆ ಬಿಡುವ ದಿನ ತಪ್ಪಿಸದವರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮುಖ ಗಂಭೀರ ಮಾಡಿ, “ಇವತ್ತು ಔಷಧದ ದಿನಾನೋ, ನಮ್ಮ ದಿನಾನೋ?” ಅಂತ ಕೇಳುತ್ತಾರೆ. ನಾನು ಸೌಟು ಎತ್ತುತ್ತೇನೆ.

ಶಾಂತಿ ಮಾಡಿಕೊಳ್ಳುತ್ತೇವೆ ಅಂತ ನಾನೇ ಮಗಳಿಗೆ ಫೋನು ಮಾಡಿದೆ. ಏಕಾಏಕಿ ಏನಾಯಿತು ಅಂತ ಕೇಳಿದಳು. ನಿಮ್ಮ ಅತ್ತೆಯ ಆಶೀರ್ವಾದ ಅಂದೆ. ಅವಳಿಗೆ ಏನು ತಿಳಿಯಿತೋ. ಬೀಗತಿಯ ಬಾಯಿಂದಂತೂ ಒಂದು ಅಕ್ಷರ ಹೊರಗೆ ಹೋಗಿಲ್ಲ. ಇದನ್ನು ಬರೆಯಲೋ ಅಂತ ಕೇಳಿದಾಗ, ಗುಟ್ಟು ನಿಮ್ಮದು, ಬರೆಯಿರಿ, ನಾಲ್ಕು ಹೆಂಗಸರು ಓದಿ ಡಾಕ್ಟರ ಹತ್ತಿರ ಹೋಗಲಿ ಅಂದರು. ನನ್ನ ಹೆಸರು ಮಾತ್ರ ಹಾಕಬೇಡಿರಿ, ಖರಾಡಿಯ ಹೆಂಗಸರೆಲ್ಲ ನಮ್ಮ ಮನೆಗೆ ಸಾಲು ಹಚ್ಚುತ್ತಾರೆ ಅಂದರು. ಅವರ ಋಣ ನಾನು ಯಾವ ಸೀರೆ ಉಡಿಸಿ ತೀರಿಸಲಿ. ಹೆಣ್ಣು ಕೊಟ್ಟ ಮನೆಯಿಂದ ತಿರುಗಿ ಗಂಡನನ್ನು ತಂದುಕೊಂಡವಳು ನಾನೊಬ್ಬಳೇ ಇರಬೇಕು.

ನಿನ್ನೆ ಹೋಮಕ್ಕೆ ಕೂಡುವ ಮುಂಚೆ ಅವರು ಭಟ್ಟರನ್ನು ಮೂಲೆಗೆ ಕರೆದು, ನಡುವೆ ಒಮ್ಮೆ ಏಳಲಿಕ್ಕೆ ಬಿಡಬೇಕು, ಹೆಣ್ಣಿನ ಕಡೆಯವರಿಗೆ ತ್ರಾಸು ಇದೆ ಅಂತ ಹೇಳಿದ್ದರು. ಕಾರ್ಯಾಲಯಕ್ಕೆಲ್ಲ ಕೇಳಿಸಿತು. ಪೂರ್ಣಾಹುತಿಗೆ ಮುಂಚೆ ಭಟ್ಟರು ಮಂತ್ರ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಹಾಯಾಗಿ ಕೂತಿದ್ದೆ. ಮುಂಜಾನೆ ಎರಡು ಲೋಟ ನೀರು, ಒಂದು ಕಪ್ಪು ಚಹಾ ಕುಡಿದು ಕೂತವಳು ಅಲುಗಾಡಲಿಲ್ಲ. ಪಂಚೆ ಎತ್ತಿ ಹಿಡಿದು ಓಡಿದವರು ಮದುಮಗ. ಬೀಗತಿ ಕುರ್ಚಿಯಿಂದಲೇ “ಹೋಗಿ ಬರ್ರಿ ಬೀಗರ, ಅಗ್ನಿ ಎಲ್ಲೂ ಹೋಗಂಗಿಲ್ಲ” ಅಂದರು. ನಗಲಿಕ್ಕೆ ಹೋಗಿ ನನ್ನ ತಲೆಯ ಮೇಲಿನ ಸೆರಗು ಜಾರಿತು.

ಸಂಜೆ ಎಲ್ಲರೂ ನಮ್ಮ ಮನೆಗೇ ಬಂದೆವು. ಧಾರವಾಡದಿಂದ ಬಂದಿದ್ದ ನನ್ನ ನಾದಿನಿ ಮತ್ತು ಅವಳ ಮನೆಯವರು ಉಳಿದುಕೊಂಡಿದ್ದರು. ನಮ್ಮಲ್ಲಿ ಗಂಡಸರ ಪಂಕ್ತಿ ಮೊದಲು. ಬೀಗತಿ ಅದಕ್ಕೆ ಆಸ್ಪದ ಕೊಡಲಿಲ್ಲ. ಪಾತ್ರೆಗಳನ್ನೆಲ್ಲ ತಂದು ನಡುವೆ ಇಟ್ಟು, ಸುತ್ತಲೂ ಎಲ್ಲರನ್ನೂ ಒಟ್ಟಿಗೆ ಕೂಡಿಸಿದರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ, ಚಿತ್ರಾನ್ನ. ಊಟ ಅರ್ಧ ಆಗಿತ್ತು, ನಾದಿನಿ ಮಲಗುವ ವ್ಯವಸ್ಥೆಯ ಮಾತು ತೆಗೆದಳು. ಶುಭಕಾರ್ಯದ ಮನೆಯಲ್ಲಿ ಯಾವತ್ತೂ ಇರುವ ಹಾಗೆ, ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ, ಗಂಡಸರೆಲ್ಲ ಹೊರಗೆ, ಅಂದಳು.

ಬೀಗತಿ ಬಾಯಲ್ಲಿದ್ದ ತುತ್ತು ನುಂಗಿದರು. “ಒಳಗಿನ ಕೋಣಿ ಖಾಲಿ ಇಲ್ರಿ,” ಅಂದರು. “ಅದು ಗಂಡ ಹೆಂಡತೀದು.”

ಎಲ್ಲರ ಕೈ ನಿಂತಿತು. ಮಗಳು ಸಾರಿನ ಬಟ್ಟಲಿನೊಳಗೆ ಮುಖ ಹಾಕಿದಳು, ಅಳಿಯ ಕೆಮ್ಮಿದರು. ನಾನು ತಲೆ ಎತ್ತಲಿಲ್ಲ. ಆಗ ನಮ್ಮ ಮನೆಯವರು, ಹತ್ತು ಜನರ ಮುಂದೆ ಬಾಯಿ ಬಿಡದ ಮನುಷ್ಯ, ತಟ್ಟೆ ಮುಂದೆ ಸರಿಸಿ, “ಬೀಗತೇರು ಖರೇ ಹೇಳ್ಯಾರ” ಅಂದರು. ಆಮೇಲೆ ನನಗೆ ಇನ್ನೊಂದು ಹೋಳಿಗೆ ಹಾಕು ಅಂದರು. ಹಾಕಿದೆ, ತುಪ್ಪವನ್ನೂ ಹಾಕಿದೆ. ಅವರು ಅದನ್ನು ಎರಡು ತುಂಡು ಮಾಡಿ, ದೊಡ್ಡ ತುಂಡನ್ನು ಎಲ್ಲರ ಎದುರಿಗೇ ನನ್ನ ತಟ್ಟೆಗೆ ಇಟ್ಟರು. ನಾದಿನಿ ನಗುತ್ತಾ ರೊಟ್ಟಿಯ ಬುಟ್ಟಿ ಆಚೆ ದಾಟಿಸಿದಳು, ಮೊಮ್ಮಗಳು ತನಗೂ ತುಪ್ಪ ಬೇಕು ಅಂತ ಕೈ ಚಾಚಿದಳು, ಎಲ್ಲರೂ ಮತ್ತೆ ಉಣ್ಣತೊಡಗಿದರು.